ಮನೆಯ ಬೆಲೆ, ಶಾಲೆಯ ಅಂಕ

ಅಮೆರಿಕದ ಹೆಚ್ಚಿನ ಊರುಗಳಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಸೀಟು ಮನೆಯ ವಿಳಾಸವನ್ನು ಅವಲಂಬಿಸಿರುತ್ತದೆ. ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ ಘಟಕಕ್ಕೆ ಸ್ಕೂಲ್ ಡಿಸ್ಟ್ರಿಕ್ಟ್ ಎಂದು ಹೆಸರು; ಅದು ತನ್ನ ವ್ಯಾಪ್ತಿಯ ಬೀದಿಗಳನ್ನು ಹಂಚಿ, ಇಂಥ ಬೀದಿಯ ಮಕ್ಕಳಿಗೆ ಇಂಥ ಶಾಲೆ ಎಂದು ನಕ್ಷೆಯ ಮೇಲೆ ಗೆರೆ ಎಳೆದಿರುತ್ತದೆ, ಆ ಗೆರೆಯೊಳಗಿನ ಭಾಗವನ್ನು ಶಾಲೆಯ ಪ್ರವೇಶ ವಲಯವೆಂದು ಕರೆಯಬಹುದು. ವಿಜಯನಗರದ ಮಗು ವ್ಯಾನ್ ಹತ್ತಿ ಬಸವನಗುಡಿಯ ಖಾಸಗಿ ಶಾಲೆಗೆ ಹೋಗುವುದನ್ನು ಸಹಜವೆಂದು ಬಗೆದ ಬೆಂಗಳೂರಿನ ಮಧ್ಯಮವರ್ಗಕ್ಕೆ ಈ ಏರ್ಪಾಡು ಹೊಸದು. ಅಲ್ಲಿ ಫೀಸು ಶಾಲೆಯ ಕೌಂಟರಿನಲ್ಲಿ ಕಟ್ಟುವಂಥದ್ದಾದರೆ, ಇಲ್ಲಿ ಅದು ಮನೆಯ ಬೆಲೆಯೊಳಗೆ ಸೇರಿಹೋಗಿ, ಮೂವತ್ತು ವರ್ಷದ ಗೃಹಸಾಲದ ಕಂತುಗಳಲ್ಲಿ ಯಾರಿಗೂ ಕಾಣದಂತೆ ಸಂದಾಯವಾಗುತ್ತದೆ. ಸಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಮನೆಯ ಮಾತು ಬಂದಾಗಲೆಲ್ಲ ಶಾಲೆಯ ರೇಟಿಂಗಿನ ಮಾತು ಅದರ ಬೆನ್ನಿಗೇ ಬರುವುದು ಈ ಕಾರಣದಿಂದ.

ಮುಂದಿನ ಸಂವಾದದಲ್ಲಿ ಮಾತನಾಡುವವರು ಇಬ್ಬರು: ಮಗುವನ್ನು ಬರುವ ವರ್ಷ ಕಿಂಡರ್‌ಗಾರ್ಟನ್‌ಗೆ ಸೇರಿಸಬೇಕಾಗಿರುವ ಒಬ್ಬ ತಾಯಿ ಮತ್ತು ಶಿಕ್ಷಣದ ಅರ್ಥಶಾಸ್ತ್ರವನ್ನು ಬೋಧಿಸಿ ನಿವೃತ್ತರಾದ ಒಬ್ಬ ಪ್ರಾಧ್ಯಾಪಕರು.

ತಾಯಿ: ಸರ್, ಫ್ರೀಮಾಂಟಿನಲ್ಲಿ ನೋಡಿರುವ ಎರಡು ಮನೆಗಳಿಗೆ ಕೋಣೆಗಳ ಸಂಖ್ಯೆಯಲ್ಲಾಗಲಿ, ಹಿತ್ತಿಲಿನ ಅಳತೆಯಲ್ಲಾಗಲಿ, ಕಚೇರಿಯ ದೂರದಲ್ಲಾಗಲಿ ಹೇಳಿಕೊಳ್ಳುವಂಥ ಅಂತರವಿಲ್ಲದಿದ್ದರೂ ಬೆಲೆಯಲ್ಲಿ ಮೂರು ಲಕ್ಷ ಡಾಲರ್ ವ್ಯತ್ಯಾಸವಿದೆ, ಒಂದು ಮನೆಯ ಪ್ರಾಥಮಿಕ ಶಾಲೆಗೆ ಹತ್ತಕ್ಕೆ ಒಂಬತ್ತು ಇದ್ದರೆ, ಇನ್ನೊಂದರ ಶಾಲೆಗೆ ಬಂದಿರುವುದು ನಾಲ್ಕು. ಎಸ್ಸೆಸ್ಸೆಲ್ಸಿ ಬರೆದು ಬಂದವರ ಕಣ್ಣಿಗೆ ಹತ್ತಕ್ಕೆ ನಾಲ್ಕು ಎಂದರೆ ಜಸ್ಟ್ ಪಾಸು. ಹಣ ಉಳಿಸಲು ಹೋಗಿ ಮಗುವನ್ನು ಜಸ್ಟ್ ಪಾಸಾದ ಶಾಲೆಗೆ ಕಳುಹಿಸುವುದು ಸರಿಯೆ?

ಪ್ರಾಧ್ಯಾಪಕರು: ಆ ನಾಲ್ಕನ್ನು ಎಸ್ಸೆಸ್ಸೆಲ್ಸಿ ಅಂಕದಂತೆ ಓದುವುದರಿಂದಲೇ ಗೊಂದಲ ಶುರುವಾಗುತ್ತದೆ. ಈ ಅಂಕಗಳನ್ನು ಕೊಡುವುದು ಸರ್ಕಾರವಲ್ಲ, 1998ರಲ್ಲಿ ಆರಂಭವಾದ ಗ್ರೇಟ್‌ಸ್ಕೂಲ್ಸ್ ಎಂಬ ಲಾಭರಹಿತ ಸಂಸ್ಥೆ. ಅದು ಒಂದು ರಾಜ್ಯದ ಶಾಲೆಗಳನ್ನು ಪರಸ್ಪರ ಹೋಲಿಸಿ 1ರಿಂದ 10ರವರೆಗಿನ ಸ್ಥಾನವನ್ನು ಕೊಡುತ್ತದೆ. 4 ಮತ್ತು ಅದಕ್ಕಿಂತ ಕೆಳಗಿನದು ಸರಾಸರಿಗಿಂತ ಕಡಿಮೆ, 5 ಮತ್ತು 6 ಸರಾಸರಿ, 7ರಿಂದ ಮೇಲಿನದು ಸರಾಸರಿಗಿಂತ ಹೆಚ್ಚು ಎಂದು ಅದರ ಲೆಕ್ಕ. ಝಿಲ್ಲೋ, ರೆಡ್‌ಫಿನ್ ಮೊದಲಾದ ಮನೆ ಮಾರಾಟದ ತಾಣಗಳು ಈ ಅಂಕವನ್ನು ಎರವಲು ಪಡೆದು ಪ್ರತಿ ಮನೆಯ ವಿವರದಲ್ಲಿ ಹಾಕುವುದರಿಂದ, ಬಚ್ಚಲುಮನೆಗಳ ಸಂಖ್ಯೆಯಷ್ಟೇ ಖಚಿತವಾದ ಒಂದು ಸಂಗತಿಯೆಂಬಂತೆ ಅದು ಕಾಣಿಸುತ್ತದೆ. ಆದರೆ ಅದನ್ನು ಲೆಕ್ಕ ಹಾಕುವ ಕ್ರಮ 2017ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ ಬದಲಾಗಿದೆ, ಅಂದರೆ ಶಾಲೆಯಲ್ಲಿ ಒಬ್ಬ ಶಿಕ್ಷಕರೂ ಬದಲಾಗದೆ, ಒಂದು ಮಗುವೂ ಬೇರೆಯಾಗದೆ, ಅಂಕ ಮಾತ್ರ ಏರಿಳಿಯುವ ಸಾಧ್ಯತೆ ಇದ್ದೇ ಇತ್ತು.

ತಾಯಿ: ಕ್ರಮ ಯಾವುದಾದರೂ ಇರಲಿ, ಒಳಗೆ ಇರುವುದು ಮಕ್ಕಳ ಕಲಿಕೆಯೇ ಅಲ್ಲವೆ?

ಪ್ರಾಧ್ಯಾಪಕರು: ಒಂದಲ್ಲ ಒಂದು ಬಗೆಯಲ್ಲಿ ಹೌದು. ಪ್ರಾಥಮಿಕ ಶಾಲೆಯ ಮಟ್ಟಿಗೆ ಅದರ ಒಳಗೆ ಮೂರು ಸಂಗತಿಗಳಿರುತ್ತವೆ: ರಾಜ್ಯದ ವಾರ್ಷಿಕ ಪರೀಕ್ಷೆಯ ಫಲಿತಾಂಶ, ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಮಕ್ಕಳು ಕಂಡ ಪ್ರಗತಿ ಮತ್ತು ಹಿಂದುಳಿದ ಗುಂಪುಗಳ ಮಕ್ಕಳ ಸ್ಥಿತಿ. ಪ್ರಗತಿಯನ್ನು ಅಳೆಯಬೇಕಾದರೆ ಅದೇ ಮಗುವನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿದ ಮಾಹಿತಿ ಬೇಕು, ಅದು ಎಲ್ಲ ರಾಜ್ಯಗಳಲ್ಲೂ ಒಂದೇ ರೀತಿ ದೊರೆಯುವುದಿಲ್ಲ. ಪರೀಕ್ಷೆಯ ಫಲಿತಾಂಶವಾದರೋ ಎಲ್ಲೆಡೆ ಸಿಗುತ್ತದೆ, ಏಕೆಂದರೆ 2002ರ ಆರಂಭದಲ್ಲಿ ಸಹಿಯಾದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆಯ ಕಾಲದಿಂದ ಮೂರನೆಯಿಂದ ಎಂಟನೆಯ ತರಗತಿಯವರೆಗೆ ಪ್ರತಿ ವರ್ಷ ಇಂಗ್ಲಿಷ್ ಮತ್ತು ಗಣಿತದ ಪರೀಕ್ಷೆ ಕಡ್ಡಾಯವಾಗಿದೆ. ಐದನೆಯ ತರಗತಿಗೆ ಮುಗಿಯುವ ಶಾಲೆಯಲ್ಲಿ ಪರೀಕ್ಷೆ ಬರೆಯುವವರು ಮೂರು, ನಾಲ್ಕು, ಐದರ ಮಕ್ಕಳು ಮಾತ್ರ. ಮಗು ಓದಲು ಕಲಿಯುವ ಕಿಂಡರ್‌ಗಾರ್ಟನ್, ಒಂದು ಮತ್ತು ಎರಡನೆಯ ತರಗತಿಗಳಲ್ಲಿ ಏನು ನಡೆಯುತ್ತದೆಂಬುದು ಆ ಅಂಕದೊಳಗೆ ನೇರವಾಗಿ ಬರುವುದೇ ಇಲ್ಲ, ತಾಯಿತಂದೆಯರು ಹೆಚ್ಚು ಕಳವಳಪಡುವುದೋ ಅದೇ ವರ್ಷಗಳ ಬಗ್ಗೆ.

ತಾಯಿ: ಆದರೂ ಒಂದು ಶಾಲೆಯಲ್ಲಿ ನೂರಕ್ಕೆ 76 ಮಕ್ಕಳು ರಾಜ್ಯದ ಮಟ್ಟವನ್ನು ಮುಟ್ಟಿ, ಇನ್ನೊಂದರಲ್ಲಿ 54 ಮಕ್ಕಳು ಮುಟ್ಟಿದರೆ, ಮೊದಲನೆಯದರಲ್ಲಿ ಪಾಠ ಚೆನ್ನಾಗಿ ನಡೆಯುತ್ತಿದೆ ಎನ್ನಲು ಇನ್ನೇನು ಬೇಕು?

ಪ್ರಾಧ್ಯಾಪಕರು: ಆ ಎರಡು ಅಂಕಿಗಳನ್ನೇ ಬಿಡಿಸಿ ನೋಡಬಹುದು. ಲೆಕ್ಕಕ್ಕಾಗಿ ಎರಡು ಕಲ್ಪಿತ ಶಾಲೆಗಳನ್ನು ತೆಗೆದುಕೊಳ್ಳಿ. ಮೊದಲ ಶಾಲೆಯ ನೂರು ಮಕ್ಕಳಲ್ಲಿ 80 ಮಂದಿಯ ತಾಯಿತಂದೆಯರು ಪದವೀಧರರು, 20 ಮಂದಿಯವರು ಅಲ್ಲ. ಪದವೀಧರರ ಮಕ್ಕಳಲ್ಲಿ ಶೇ. 85, ಉಳಿದವರಲ್ಲಿ ಶೇ. 40 ಮಟ್ಟ ಮುಟ್ಟಿದರೆ, 68 ಮತ್ತು 8 ಸೇರಿ 76 ಆಗುತ್ತದೆ. ಎರಡನೆಯ ಶಾಲೆಯಲ್ಲಿ ಪ್ರಮಾಣ ತಿರುವುಮುರುವಾಗಿದೆ, ಪದವೀಧರರ ಮಕ್ಕಳು 20, ಉಳಿದವರು 80. ಅಲ್ಲಿ ಪದವೀಧರರ ಮಕ್ಕಳಲ್ಲಿ ಶೇ. 90, ಉಳಿದವರಲ್ಲಿ ಶೇ. 45 ಮಟ್ಟ ಮುಟ್ಟುತ್ತಾರೆಂದರೆ, 18 ಮತ್ತು 36 ಸೇರಿ 54. ಎರಡೂ ಬಗೆಯ ಮಕ್ಕಳಿಗೆ ಎರಡನೆಯ ಶಾಲೆಯೇ ಮೇಲು, ಆದರೆ ಒಟ್ಟು ಅಂಕಿ ಅದಕ್ಕೆ ಕೆಳಗಿನ ಸ್ಥಾನವನ್ನು ಕೊಡುತ್ತದೆ. ಎಲ್ಲ ಕಡಿಮೆ ಅಂಕದ ಶಾಲೆಗಳೂ ಹೀಗೆಯೇ ಇರುತ್ತವೆಂದು ಇದರಿಂದ ಹೇಳಬರುವುದಿಲ್ಲ. ಒಟ್ಟು ಅಂಕಿಯೊಂದನ್ನೇ ಹಿಡಿದು ಶಾಲೆಯ ಪಾಠವನ್ನು ತೂಗಲಾಗದು ಎಂಬುದಷ್ಟೇ ಇದರ ಅರ್ಥ.

ತಾಯಿ: ಎಸ್ಸೆಸ್ಸೆಲ್ಸಿಯಲ್ಲಿ 95 ಪರ್ಸೆಂಟ್ ಬಂದವರನ್ನು ಮಾತ್ರ ಸೇರಿಸಿಕೊಂಡು, ಎರಡು ವರ್ಷ ಕಳೆದ ಮೇಲೆ ಗೇಟಿನ ಮೇಲೆ ರ್‍ಯಾಂಕಿನ ಫ್ಲೆಕ್ಸ್ ಕಟ್ಟುವ ಪಿಯು ಕಾಲೇಜುಗಳ ಹಾಗೆ.

ಪ್ರಾಧ್ಯಾಪಕರು: ಬಹುಮಟ್ಟಿಗೆ ಹಾಗೆಯೇ, ಒಂದು ವ್ಯತ್ಯಾಸವಿದೆ: ಪಿಯು ಕಾಲೇಜು ಅಂಕ ನೋಡಿ ಆರಿಸಿಕೊಳ್ಳುತ್ತದೆ, ಇಲ್ಲಿ ಆರಿಸುವ ಕೆಲಸವನ್ನು ಮನೆಯ ಬೆಲೆ ಮಾಡುತ್ತದೆ. ಈ ಸಂಗತಿ ಹೊಸತೇನೂ ಅಲ್ಲ. ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞರ ನೇತೃತ್ವದಲ್ಲಿ ಅಮೆರಿಕ ಸರ್ಕಾರ ಮಾಡಿಸಿ 1966ರಲ್ಲಿ ಹೊರತಂದ ಬೃಹತ್ ಸಮೀಕ್ಷೆಯು, ಮಕ್ಕಳ ಅಂಕಗಳ ನಡುವಣ ಅಂತರಕ್ಕೆ ಶಾಲೆಯ ಕಟ್ಟಡ, ಗ್ರಂಥಾಲಯ, ಖರ್ಚು ಇವುಗಳಿಗಿಂತ ಮನೆಯ ಹಿನ್ನೆಲೆಯೇ ಹೆಚ್ಚು ಕಾರಣವೆಂದು ಕಂಡುಕೊಂಡಿತು. ಕೊಲ್ಲಿ ಪ್ರದೇಶದಲ್ಲಿ ಇದಕ್ಕೆ ಸಂಜೆಯ ಮನೆಪಾಠವನ್ನೂ ಸೇರಿಸಬೇಕು. ಒಂಬತ್ತು ಅಂಕದ ಶಾಲೆಯ ಗಣಿತದ ಫಲಿತಾಂಶದಲ್ಲಿ ಶಾಲೆಯ ಪಾಲೆಷ್ಟು, ಕುಮಾನ್‌ನಂಥ ಟ್ಯೂಷನ್ ಕೇಂದ್ರಗಳಿಗೆ ತಾಯಿತಂದೆಯರು ತಿಂಗಳು ತಿಂಗಳು ಕಟ್ಟಿದ ಹಣದ ಪಾಲೆಷ್ಟು ಎಂದು ಆ ಅಂಕ ಬೇರ್ಪಡಿಸಿ ತೋರಿಸುವುದಿಲ್ಲ. ಶ್ರೇಯಸ್ಸು ಮಾತ್ರ ಇಡಿಯಾಗಿ ಶಾಲೆಗೆ, ಅಲ್ಲಿಂದ ಮನೆಯ ಬೆಲೆಗೆ ಹೋಗುತ್ತದೆ.

ತಾಯಿ: ಒಪ್ಪಬಹುದು. ಆದರೆ ತಾಯಿಯಾದವಳು ಕೇಳುವ ಪ್ರಶ್ನೆ ಬೇರೆ. ಶಾಲೆಯ ಶ್ರೇಯಸ್ಸು ಯಾರದಾದರೇನು, ಮಗು ಕುಳಿತುಕೊಳ್ಳುವುದು ಆ ಮಕ್ಕಳ ಜೊತೆಯಲ್ಲಿಯೇ. ತರಗತಿಯ ಅರ್ಧದಷ್ಟು ಮಕ್ಕಳು ಹಿಂದೆ ಉಳಿದಿದ್ದರೆ ಶಿಕ್ಷಕಿ ಪಾಠದ ವೇಗವನ್ನು ಅವರಿಗಾಗಿ ತಗ್ಗಿಸಲೇಬೇಕಾಗುತ್ತದೆ. ಸಹವಾಸದ ಬೆಲೆಯನ್ನು ತಳ್ಳಿಹಾಕಲಾದೀತೆ?

ಪ್ರಾಧ್ಯಾಪಕರು: ತಳ್ಳಿಹಾಕಲಾಗದು, ಕೋಲ್ಮನ್ ಅವರ ಸಮೀಕ್ಷೆಯೂ ಸಹಪಾಠಿಗಳ ಪ್ರಭಾವವನ್ನು ಒತ್ತಿ ಹೇಳಿತ್ತು. ಆದರೆ ಮಕ್ಕಳು ಇರುವ ಮಟ್ಟವನ್ನೂ ಅವರು ಮುಂದೆ ಸಾಗುವ ವೇಗವನ್ನೂ ಪ್ರತ್ಯೇಕಿಸಿ ನೋಡಬೇಕಾಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾನ್ ರೀರ್ಡನ್ ಅವರು ದೇಶದ ಬಹುತೇಕ ಎಲ್ಲ ಸ್ಕೂಲ್ ಡಿಸ್ಟ್ರಿಕ್ಟ್‌ಗಳ ಪರೀಕ್ಷಾ ಫಲಿತಾಂಶಗಳನ್ನು ಒಂದೇ ಅಳತೆಗೋಲಿಗೆ ತಂದು 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಬಡ ಮಕ್ಕಳೇ ಹೆಚ್ಚಾಗಿರುವ ಮತ್ತು ಸರಾಸರಿ ಅಂಕ ಕಡಿಮೆಯಿರುವ ಶಿಕಾಗೋದ ಮಕ್ಕಳು ಮೂರನೆಯ ತರಗತಿಯಿಂದ ಎಂಟನೆಯದಕ್ಕೆ ಬರುವ ಐದು ವರ್ಷಗಳಲ್ಲಿ ಆರು ವರ್ಷದಷ್ಟು ಕಲಿಕೆಯನ್ನು ಗಳಿಸುತ್ತಿದ್ದರೆಂದು ಕಂಡುಬಂದಿತು. ಅದೇ ವಿಶ್ಲೇಷಣೆಯಲ್ಲಿ ಮೇಲ್ಮಟ್ಟದಲ್ಲಿದ್ದುಕೊಂಡು ನಿಧಾನವಾಗಿ ಸಾಗುವ ಸಿರಿವಂತ ಡಿಸ್ಟ್ರಿಕ್ಟ್‌ಗಳೂ ಇದ್ದವು. ಮಟ್ಟಕ್ಕೂ ವೇಗಕ್ಕೂ ಇರುವ ನಂಟು ತೀರ ಸಡಿಲವಾದದ್ದು. ಇನ್ನು ಶಿಕ್ಷಕರ ವಿಷಯ: ಒಂದೇ ಶಾಲೆಯ ಇಬ್ಬರು ಶಿಕ್ಷಕರ ನಡುವಿನ ಅಂತರವು ಎರಡು ಶಾಲೆಗಳ ಸರಾಸರಿ ಅಂತರಕ್ಕಿಂತ ದೊಡ್ಡದಾಗಿರುತ್ತದೆಂಬುದು ಈ ಕ್ಷೇತ್ರದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಮಾತು. ಒಂಬತ್ತರ ಶಾಲೆಗೆ ಮೂರು ಲಕ್ಷ ಹೆಚ್ಚು ಕೊಟ್ಟ ಮೇಲೂ ಎರಡನೆಯ ತರಗತಿಯಲ್ಲಿ ಮಗುವಿಗೆ ಯಾವ ಶಿಕ್ಷಕಿ ಸಿಗುತ್ತಾರೆಂಬುದು ಅದೃಷ್ಟಕ್ಕೆ ಬಿಟ್ಟದ್ದೇ.

ತಾಯಿ: ನೆರೆಹೊರೆಯೇ ಮಕ್ಕಳ ಮುಂದಿನ ಸಂಪಾದನೆಯನ್ನು ನಿರ್ಧರಿಸುತ್ತದೆಂದು ಹಾರ್ವರ್ಡಿನ ರಾಜ್ ಚೆಟ್ಟಿಯವರ ಅಧ್ಯಯನಗಳು ಹೇಳುತ್ತವೆಂದು ಎಲ್ಲರೂ ಉಲ್ಲೇಖಿಸುತ್ತಾರಲ್ಲ?

ಪ್ರಾಧ್ಯಾಪಕರು: ಉಲ್ಲೇಖಿಸುವವರು ಅದರ ವಿವರವನ್ನೂ ಜೊತೆಗೆ ಹೇಳಬೇಕು. 1994ರಿಂದ 1998ರವರೆಗೆ ಬಾಲ್ಟಿಮೋರ್, ಬಾಸ್ಟನ್, ಶಿಕಾಗೋ, ಲಾಸ್ ಏಂಜಲೀಸ್ ಮತ್ತು ನ್ಯೂಯಾರ್ಕ್‌ಗಳಲ್ಲಿ ಕಡುಬಡತನದ ಸರ್ಕಾರಿ ವಸತಿ ಸಮುಚ್ಚಯಗಳ ಕುಟುಂಬಗಳಿಗೆ ಲಾಟರಿ ಎತ್ತಿ, ಬಡತನ ಕಡಿಮೆಯಿರುವ ಬಡಾವಣೆಗೆ ಹೋಗಲು ಬಾಡಿಗೆಯ ನೆರವು ಕೊಡಲಾಯಿತು. ಹದಿಮೂರು ತುಂಬುವ ಮೊದಲೇ ಹಾಗೆ ಹೋದ ಮಕ್ಕಳು ಇಪ್ಪತ್ತೈದರ ಆಸುಪಾಸಿನಲ್ಲಿ, ಹೋಗದವರಿಗಿಂತ ಶೇ. 31ರಷ್ಟು ಹೆಚ್ಚು ಗಳಿಸುತ್ತಿದ್ದರೆಂದು ಚೆಟ್ಟಿ, ಹೆಂಡ್ರೆನ್ ಮತ್ತು ಕಾಟ್ಜ್ 2016ರಲ್ಲಿ ತೋರಿಸಿದರು. ನೆರೆಹೊರೆಯ ಪ್ರಭಾವ ನಿಜವೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಸಿಗುವುದು ಕಷ್ಟ. ಆದರೆ ಅದು ಕಡುಬಡತನದ ಕೇರಿಯಿಂದ ಹೊರಬಂದವರ ಲೆಕ್ಕ; ಹತ್ತು ಲಕ್ಷ ಡಾಲರಿಗೆ ಕಡಿಮೆ ಸ್ವತಂತ್ರ ಮನೆ ಸಿಗುವುದೇ ಕಷ್ಟವಾದ ಊರಿನಲ್ಲಿ ನಾಲ್ಕರ ವಲಯಕ್ಕೂ ಒಂಬತ್ತರ ವಲಯಕ್ಕೂ ಇರುವ ಅಂತರಕ್ಕೆ ಆ ಶೇ. 31ನ್ನು ಹಾಗೆಯೇ ಅಂಟಿಸಲಾಗದು. ಇನ್ನೊಂದು ಸಂಗತಿಯನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಆ ಮಕ್ಕಳ ಶಾಲಾ ಪರೀಕ್ಷೆಯ ಅಂಕಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಂಡಿರಲಿಲ್ಲ, ಆದರೂ ಬದುಕು ಮೇಲಾಯಿತು. ರೇಟಿಂಗಿನ ಮೂಲವಾದ ಪರೀಕ್ಷೆಯೇ ಹಿಡಿಯಲಾಗದ ಏನನ್ನೋ ನೆರೆಹೊರೆ ಕೊಟ್ಟಿತ್ತು.

ತಾಯಿ: ಹಾಗಿದ್ದರೆ ಆ ಮೂರು ಲಕ್ಷವನ್ನು ಜನ ಕೊಡುವುದು ಯಾವುದಕ್ಕೆ?

ಪ್ರಾಧ್ಯಾಪಕರು: ಇದೇ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞೆ ಸಾಂಡ್ರಾ ಬ್ಲ್ಯಾಕ್ ಕೈಗೆತ್ತಿಕೊಂಡರು, ಅವರು ಹಿಡಿದ ದಾರಿ ಇವತ್ತಿಗೂ ಮಾದರಿಯಾಗಿದೆ. ಒಳ್ಳೆಯ ಶಾಲೆಯ ಬಡಾವಣೆಗಳಲ್ಲಿ ಉದ್ಯಾನ, ಅಗಲ ರಸ್ತೆ, ದೊಡ್ಡ ಮನೆ ಎಲ್ಲವೂ ಇರುವುದರಿಂದ ಬೆಲೆಯಲ್ಲಿ ಶಾಲೆಯ ಪಾಲನ್ನು ಬೇರ್ಪಡಿಸುವುದು ಕಷ್ಟ. ಆದ್ದರಿಂದ ಅವರು ಬಾಸ್ಟನ್ ಸುತ್ತಲಿನ ಉಪನಗರಗಳಲ್ಲಿ, ಪ್ರಾಥಮಿಕ ಶಾಲೆಗಳ ಪ್ರವೇಶ ವಲಯದ ಗೆರೆಯ ಈ ಬದಿಗೂ ಆ ಬದಿಗೂ ಇರುವ ಮನೆಗಳನ್ನು ಮಾತ್ರ ಹೋಲಿಸಿದರು. ಎದುರುಬದುರು ಮನೆಗಳಿಗೆ ರಸ್ತೆ, ಉದ್ಯಾನ, ತೆರಿಗೆ ಒಂದೇ, ಶಾಲೆ ಮಾತ್ರ ಬೇರೆ. ಪರೀಕ್ಷೆಯ ಅಂಕ ಶೇ. 5ರಷ್ಟು ಹೆಚ್ಚಿದ್ದರೆ ಮನೆಗೆ ಶೇ. 2.5ರಷ್ಟು ಹೆಚ್ಚು ಕೊಡಲು ಪೋಷಕರು ಸಿದ್ಧರಿರುತ್ತಾರೆಂದು 1999ರಲ್ಲಿ ಅವರು ಪ್ರಕಟಿಸಿದರು. ಅದಾದ ಮೇಲೆ 2007ರಲ್ಲಿ ಬೇಯರ್, ಫೆರೇರಾ ಮತ್ತು ಮ್ಯಾಕ್‌ಮಿಲನ್ ಎಂಬ ಮೂವರು ಇದೇ ಕೊಲ್ಲಿ ಪ್ರದೇಶದ ಮಾಹಿತಿಯನ್ನು ಇಟ್ಟುಕೊಂಡು ಇನ್ನೊಂದು ಹೆಜ್ಜೆ ಮುಂದೆ ಹೋದರು. ಗೆರೆಯ ಎರಡು ಬದಿಗೂ ಇರುವ ಮನೆಗಳು ಒಂದೇ ತೆರನಾಗಿದ್ದರೂ ಅವುಗಳಲ್ಲಿ ವಾಸಿಸುವವರು ಕಾಲಕ್ರಮದಲ್ಲಿ ಬೇರೆ ಬೇರೆಯಾಗಿಬಿಡುತ್ತಾರೆ, ಓದಿದವರೂ ವರಮಾನ ಉಳ್ಳವರೂ ಒಂದು ಬದಿಗೆ ಸರಿಯುತ್ತಾರೆ. ಈ ನೆರೆಯವರ ಅಂತರವನ್ನು ಕಳೆದು ನೋಡಿದಾಗ ಅಂಕದ ಅದೇ ಶೇ. 5ರ ಏರಿಕೆಗೆ ಸಿಕ್ಕ ಬೆಲೆ ಶೇ. 1ಕ್ಕಿಂತ ಕಡಿಮೆ. ಅಂದರೆ ಶಾಲೆಯ ಹೆಸರಿನಲ್ಲಿ ಕೊಡುವ ಹಣದ ಬಹುಪಾಲು ಪಾಠಕ್ಕೆ ಸಲ್ಲುವುದಿಲ್ಲ, ಪಕ್ಕದ ಮನೆಯಲ್ಲಿ ಇರುವವರು ಯಾರು ಎಂಬುದಕ್ಕೆ ಸಲ್ಲುತ್ತದೆ.

ತಾಯಿ: ಕೇಳಲು ಹಿತವಾದ ಮಾತಲ್ಲ.

ಪ್ರಾಧ್ಯಾಪಕರು: ಹಿತವಲ್ಲದ ಇತಿಹಾಸವೂ ಅದರ ಹಿಂದಿದೆ. 1930ರ ದಶಕದಲ್ಲಿ ಗೃಹಸಾಲಕ್ಕೆ ಸಂಬಂಧಿಸಿದ ಒಂದು ಸರ್ಕಾರಿ ನಿಗಮ ನಗರಗಳ ಬಡಾವಣೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ, ಕರಿಯರೂ ವಲಸಿಗರೂ ಇರುವ ಕಡೆಗಳನ್ನು ಕೊನೆಯ ದರ್ಜೆಗೆ ಹಾಕಿ ನಕ್ಷೆಯಲ್ಲಿ ಕೆಂಪು ಬಳಿಯಿತು. ಸಾಲ ಕೊಡುವಾಗ ಬಡಾವಣೆಯನ್ನೇ ಹೊರಗಿಡುವ ಪದ್ಧತಿಗೆ ‘ರೆಡ್‌ಲೈನಿಂಗ್’ ಎಂಬ ಹೆಸರು ಬಂದದ್ದು ಆ ಬಣ್ಣದಿಂದ. 1968ರ ನ್ಯಾಯಯುತ ವಸತಿ ಕಾಯ್ದೆಯು ಜನಾಂಗ ನೋಡಿ ಮನೆ ತೋರಿಸುವುದನ್ನು ನಿಷೇಧಿಸಿದೆ. ಆದ್ದರಿಂದಲೇ ಎಚ್ಚರಿಕೆಯುಳ್ಳ ಏಜೆಂಟರು ಶಾಲೆಯ ಗುಣದ ಬಗ್ಗೆ ಬಾಯಿಬಿಡದೆ, ಅಂಕವನ್ನು ನೀವೇ ನೋಡಿಕೊಳ್ಳಿ ಎಂದು ಜಾಲತಾಣದ ಕಡೆಗೆ ಕೈತೋರಿಸುತ್ತಾರೆ. ಆ ಅಂಕಗಳೇ ಅದೇ ವಿಂಗಡಣೆಯನ್ನು ಮುಂದುವರಿಸುತ್ತಿವೆಯೆ ಎಂದು ಶರೀಕ್ ಹಸನ್ ಮತ್ತು ಅನುಜ್ ಕುಮಾರ್ ಎಂಬ ಸಂಶೋಧಕರು ಪರಿಶೀಲಿಸಿದರು. ಗ್ರೇಟ್‌ಸ್ಕೂಲ್ಸ್ ಅಂಕಗಳು ದೊರೆಯತೊಡಗಿದ ಮೇಲೆ ಬಡಾವಣೆಗಳ ನಡುವೆ ಮನೆಬೆಲೆಯ ಮತ್ತು ವರಮಾನದ ಅಂತರ ಇನ್ನಷ್ಟು ವೇಗವಾಗಿ ಹಿಗ್ಗಿತೆಂಬುದು ಅವರು ಮುಟ್ಟಿದ ತೀರ್ಮಾನ. ಆ ಮಾಹಿತಿಯನ್ನು ಬಳಸಿಕೊಂಡು ಮನೆ ಬದಲಾಯಿಸುವ ಶಕ್ತಿ ಇದ್ದದ್ದು ಉಳ್ಳವರಿಗೆ ಮಾತ್ರ.

ಇಲ್ಲಿ ಒಂದು ಮಾತನ್ನು ಸೇರಿಸುವುದು ನ್ಯಾಯ. ಕೊಲ್ಲಿ ಪ್ರದೇಶದ ಭಾರತೀಯ ಕುಟುಂಬಗಳು, ಕನ್ನಡಿಗರೂ ಸೇರಿದಂತೆ, ಈ ವಿಂಗಡಣೆಯನ್ನು ದೂರ ನಿಂತು ನೋಡುತ್ತಿರುವವರಲ್ಲ. ಒಂಬತ್ತರ ವಲಯದಲ್ಲಿ ಮನೆಗಾಗಿ ಪೈಪೋಟಿ ನಡೆಸಿ ಬೆಲೆ ಏರಿಸುವವರಲ್ಲಿ ಅವರು ಮುಂಚೂಣಿಯಲ್ಲಿದ್ದಾರೆ, ಊರಿನಲ್ಲಿ ಜಾತಿ ನೋಡಿ ಮನೆ ಬಾಡಿಗೆಗೆ ಕೊಡುವುದನ್ನು ಖಂಡಿಸುವವರೂ ಅವರಲ್ಲಿದ್ದಾರೆ. ತಾಯಿಯವರು ಪ್ರಾಧ್ಯಾಪಕರ ಮಾತನ್ನು ಅಲ್ಲಗಳೆಯಲಿಲ್ಲ, ಚರ್ಚೆಯನ್ನು ಹಣದ ಕಡೆಗೆ ತಿರುಗಿಸಿದರು.

ತಾಯಿ: ನೀತಿಯ ಮಾತು ಒಂದು ಕಡೆ ಇರಲಿ. ಒಂಬತ್ತರ ವಲಯದ ಮನೆಗೆ ಹೆಚ್ಚು ಕೊಟ್ಟರೂ ನಾಳೆ ಮಾರುವಾಗ ಆ ಹಣ ಹಿಂದಿರುಗುತ್ತದೆ. ಖಾಸಗಿ ಶಾಲೆಗೆ ಕಟ್ಟಿದ ಫೀಸು ಹಿಂದಿರುಗುವುದಿಲ್ಲ.

ಪ್ರಾಧ್ಯಾಪಕರು: ಅಸಲು ಹಿಂದಿರುಗಬಹುದು, ಬಡ್ಡಿ ಮತ್ತು ತೆರಿಗೆ ಹಿಂದಿರುಗುವುದಿಲ್ಲ. ಹೆಚ್ಚುವರಿ ಮೂರು ಲಕ್ಷವನ್ನು ಇಡಿಯಾಗಿ ಶೇ. 6.5ರ ಬಡ್ಡಿಗೆ ಸಾಲ ಮಾಡಿದರೆ ಮೊದಲ ವರ್ಷದ ಬಡ್ಡಿಯೇ ಸುಮಾರು 19,500 ಡಾಲರ್. ಕ್ಯಾಲಿಫೋರ್ನಿಯಾದಲ್ಲಿ 1978ರ 13ನೆಯ ಪ್ರಸ್ತಾವದ ಪ್ರಕಾರ ಮೂಲ ಆಸ್ತಿ ತೆರಿಗೆ ಕೊಂಡ ಬೆಲೆಯ ಶೇ. 1, ಸ್ಥಳೀಯ ಬಾಂಡ್‌ಗಳ ಹೊರೆ ಅದರ ಮೇಲೆ, ಶೇ. 1.2 ಎಂದಿಟ್ಟುಕೊಂಡರೆ 3,600. ಕಿಂಡರ್‌ಗಾರ್ಟನ್‌ನಿಂದ ಐದನೆಯ ತರಗತಿಯವರೆಗಿನ ಆರು ವರ್ಷಗಳಿಗೆ ಇವೆರಡೂ ಸೇರಿ 1,30,000 ಡಾಲರಿಗೂ ಮೇಲಾಗುತ್ತದೆ. ಮನೆಯ ಬೆಲೆ ಏರಿದರೆ ಇದು ತುಂಬಿಬರಬಹುದು, ನಿಜ, ಆದರೆ ನಾಲ್ಕರ ವಲಯದ ಮನೆಯ ಬೆಲೆಯೂ ಏರುವಂಥದ್ದೇ. ಒಂಬತ್ತರ ಮನೆ ಹೆಚ್ಚು ಬೇಗ ಏರುತ್ತದೆಂಬ ಭರವಸೆಯ ಮೇಲೆ ಮಾತ್ರ ಆ ವಾದ ನಿಂತಿದೆ, ಆ ಏರಿಕೆಯ ನಿರೀಕ್ಷೆಯಾದರೋ ಇಂದಿನ ಬೆಲೆಯೊಳಗೆ ಆಗಲೇ ಸೇರಿಕೊಂಡಿರುತ್ತದೆ.

ಪ್ರಾಧ್ಯಾಪಕರು ಮುಂದುವರಿಸಿದರು: ಪ್ರವೇಶ ವಲಯದ ಗೆರೆಯೂ ಶಾಶ್ವತವಲ್ಲ. 2000ದ ಸುಮಾರಿಗೆ ಇದೇ ಫ್ರೀಮಾಂಟಿನಲ್ಲಿ ವೈಬಲ್ ಪ್ರಾಥಮಿಕ ಶಾಲೆಯ ವಲಯವನ್ನು ಮಿಷನ್ ಸಾನ್ ಹೋಸೆ ಹೈಸ್ಕೂಲಿನಿಂದ ಬಿಡಿಸಿ ಅರ್ವಿಂಗ್ಟನ್ ಹೈಸ್ಕೂಲಿಗೆ ಸೇರಿಸಲು ಡಿಸ್ಟ್ರಿಕ್ಟ್‌ನ ಆಡಳಿತ ಮಂಡಳಿ ಮುಂದಾದಾಗ, ಬಹುಪಾಲು ಏಷ್ಯಾ ಮೂಲದವರಾದ ಅಲ್ಲಿನ ಪೋಷಕರು ಪ್ರತ್ಯೇಕ ಡಿಸ್ಟ್ರಿಕ್ಟ್ ಬೇಕೆಂದು ಹೋರಾಟಕ್ಕೆ ಇಳಿದಿದ್ದರು. ಕ್ಯುಪರ್ಟಿನೊದ ಸಂಗತಿ ಇನ್ನೂ ವಿಚಿತ್ರ. ಶಾಲೆಗಳ ಹೆಸರಿನಿಂದಲೇ ಬೆಲೆ ಏರಿದ ಆ ಪ್ರದೇಶದಲ್ಲಿ ಚಿಕ್ಕ ಮಕ್ಕಳುಳ್ಳ ಕುಟುಂಬಗಳಿಗೆ ಮನೆ ಕೊಳ್ಳುವುದು ಕೈಗೆಟುಕದಂತಾಗಿ, ತರಗತಿಗಳಲ್ಲಿ ಮಕ್ಕಳು ಕಡಿಮೆಯಾಗಿ, 2022ರಲ್ಲಿ ರೆಗ್ನಾರ್ಟ್ ಮತ್ತು ಮೇಯರ್‌ಹೋಲ್ಟ್ಸ್ ಪ್ರಾಥಮಿಕ ಶಾಲೆಗಳನ್ನು ಮುಚ್ಚಲಾಯಿತು. ಶಾಲೆಗಾಗಿ ಹೆಚ್ಚು ಬೆಲೆ ಕೊಟ್ಟವರ ಬೀದಿಯಲ್ಲಿ ಮನೆ ಉಳಿಯಿತು, ಶಾಲೆ ಹೋಯಿತು.

ತಾಯಿ: ಹಾಗಾದರೆ ನಾಲ್ಕರ ಶಾಲೆಗೆ ಕಣ್ಣುಮುಚ್ಚಿ ಸೇರಿಸಬಹುದೆ?

ಪ್ರಾಧ್ಯಾಪಕರು: ಖಂಡಿತ ಇಲ್ಲ. ಒಂಬತ್ತನ್ನು ಕುರುಡಾಗಿ ನಂಬುವುದು ಹೇಗೋ, ನಾಲ್ಕನ್ನು ಉದಾರವಾಗಿ ಕ್ಷಮಿಸುವುದೂ ಹಾಗೆಯೇ. ನಾಲ್ಕು ಅಂಕದ ಕೆಲವು ಶಾಲೆಗಳಲ್ಲಿ ಪಾಠ ಚೆನ್ನಾಗಿ ನಡೆಯುತ್ತದೆ, ಕೆಲವು ನಿಜವಾಗಿ ಕುಸಿದಿರುತ್ತವೆ. ಬೇರ್ಪಡಿಸುವುದು ಕಷ್ಟವಲ್ಲ, ಹೆಚ್ಚಿನವರು ಆ ಶ್ರಮವನ್ನು ಪಡುವುದಿಲ್ಲವಷ್ಟೇ. ಕ್ಯಾಲಿಫೋರ್ನಿಯಾ ರಾಜ್ಯದ ಪರೀಕ್ಷಾ ಫಲಿತಾಂಶಗಳನ್ನು ತಾಯಿತಂದೆಯರ ವಿದ್ಯಾಭ್ಯಾಸದ ಪ್ರಕಾರ ವಿಂಗಡಿಸಿ ನೋಡುವ ಅವಕಾಶ ಸರ್ಕಾರದ ತಾಣದಲ್ಲಿಯೇ ಇದೆ. ಸ್ನಾತಕೋತ್ತರ ಪದವಿ ಪಡೆದವರ ಮಕ್ಕಳು ಎರಡೂ ಶಾಲೆಗಳಲ್ಲಿ ಎಷ್ಟು ಗಳಿಸುತ್ತಾರೆ, ಹೈಸ್ಕೂಲು ಮುಗಿಸಿದವರ ಮಕ್ಕಳು ಎಷ್ಟು ಗಳಿಸುತ್ತಾರೆ ಎಂದು ಅಕ್ಕಪಕ್ಕ ಇಟ್ಟು ನೋಡಿದರೆ, ಆಗಲೇ ಹೇಳಿದ 76 ಮತ್ತು 54ರ ಲೆಕ್ಕ ಈ ಎರಡು ಶಾಲೆಗಳಿಗೆ ಅನ್ವಯಿಸುತ್ತದೋ ಇಲ್ಲವೋ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಗುಂಪು ತೀರ ಚಿಕ್ಕದಾಗಿದ್ದರೆ ಮಕ್ಕಳ ಗುರುತು ಸಿಗಬಾರದೆಂದು ಅಂಕಿಗಳನ್ನು ಮರೆಮಾಡಿರುತ್ತಾರೆ, ಆಗ ಅಂಕಿ ಕಾಣುವ ಬೇರೆ ವರ್ಷಗಳ ಫಲಿತಾಂಶವನ್ನು ನೋಡಬೇಕು. ಒಂದು ತರಗತಿಗೆ ಅರವತ್ತು ಮಕ್ಕಳಿರುವ ಶಾಲೆಯಲ್ಲಿ ಪರೀಕ್ಷೆ ಬರೆಯುವವರು 180. ಒಂಬತ್ತು ಮಕ್ಕಳು ಗೆರೆ ದಾಟಿದರೂ ಜಾರಿದರೂ ಫಲಿತಾಂಶ ಶೇ. 5ರಷ್ಟು ಅಲುಗಾಡುತ್ತದೆ, ಒಂದು ವರ್ಷದ ಅಂಕಿಯನ್ನು ನೆಚ್ಚಬಾರದೆನ್ನುವುದು ಅದಕ್ಕಾಗಿ.

ತಾಯಿ: ನಾಲ್ಕರ ಶಾಲೆಯಲ್ಲಿ ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳ ಅಂಕ ತೀರ ಕೆಳಗಿದೆ. ಅದನ್ನು ಕಂಡು ಮನೆಯವರು ಬೆಚ್ಚಿದ್ದರು.

ಪ್ರಾಧ್ಯಾಪಕರು: ಆ ಗುಂಪಿನ ಅಂಕ ಬಹುತೇಕ ಎಲ್ಲ ಶಾಲೆಗಳಲ್ಲೂ ಕೆಳಗೇ ಇರುತ್ತದೆ, ಏಕೆಂದರೆ ಇಂಗ್ಲಿಷ್ ಚೆನ್ನಾಗಿ ಬಂದ ಕೂಡಲೆ ಮಗುವನ್ನು ಆ ಗುಂಪಿನಿಂದ ತೆಗೆದುಬಿಡುತ್ತಾರೆ, ಗೆದ್ದವರು ಲೆಕ್ಕದಿಂದ ಹೊರಹೋಗಿ ಗೆಲ್ಲಬೇಕಾದವರು ಮಾತ್ರ ಉಳಿಯುತ್ತಾರೆ. ನೋಡಬೇಕಾದದ್ದು ವರ್ಷಕ್ಕೆ ಎಷ್ಟು ಮಕ್ಕಳು ಹಾಗೆ ಹೊರಬರುತ್ತಾರೆಂಬುದನ್ನು. ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಪಾಠ ಮಾಡುವ ದ್ವಿಭಾಷಾ ಶಾಲೆಗಳ ವಿಷಯದಲ್ಲಿ ಇನ್ನೂ ಎಚ್ಚರಿಕೆ ಬೇಕು. ಇಲಾನಾ ಉಮಾನ್ಸ್ಕಿ ಮತ್ತು ರೀರ್ಡನ್ 2014ರಲ್ಲಿ ಕ್ಯಾಲಿಫೋರ್ನಿಯಾದ ಒಂದು ದೊಡ್ಡ ಡಿಸ್ಟ್ರಿಕ್ಟ್‌ನ ಲ್ಯಾಟಿನೋ ಮಕ್ಕಳನ್ನು ಹಲವು ವರ್ಷ ಹಿಂಬಾಲಿಸಿ ತೋರಿಸಿದಂತೆ, ಅಂಥ ತರಗತಿಗಳ ಮಕ್ಕಳು ಪ್ರಾಥಮಿಕ ಹಂತದಲ್ಲಿ ಇಂಗ್ಲಿಷಿನಲ್ಲಿ ಹಿಂದೆ ಕಂಡರೂ ಹೈಸ್ಕೂಲಿನ ಹೊತ್ತಿಗೆ ಬರಿಯ ಇಂಗ್ಲಿಷಿನಲ್ಲಿ ಓದಿದವರನ್ನು ಮೀರಿಸುತ್ತಾರೆ. ಪ್ರಾಥಮಿಕ ಶಾಲೆಯ ಅಂಕಕ್ಕೆ ಹೈಸ್ಕೂಲಿನವರೆಗೆ ಕಾಯುವ ತಾಳ್ಮೆ ಇಲ್ಲ.

ತಾಯಿ: ಬೆಚ್ಚಬೇಕಾದ ಗುರುತುಗಳು ಯಾವುವು?

ಪ್ರಾಧ್ಯಾಪಕರು: ಮಕ್ಕಳ ಗೈರುಹಾಜರಿ ಮೊದಲನೆಯದು. ಶಾಲೆ ನಡೆದ ದಿನಗಳಲ್ಲಿ ಹತ್ತರಲ್ಲೊಂದು ಅಥವಾ ಅದಕ್ಕಿಂತ ಹೆಚ್ಚು ದಿನ ಬಾರದ ಮಗುವನ್ನು ದೀರ್ಘಕಾಲಿಕ ಗೈರುಹಾಜರಿಯ ಲೆಕ್ಕಕ್ಕೆ ಸೇರಿಸುತ್ತಾರೆ. ಕೋವಿಡ್ ನಂತರದ 2021–22ರಲ್ಲಿ ಇಡೀ ಕ್ಯಾಲಿಫೋರ್ನಿಯಾದಲ್ಲಿ ಇದು ಶೇ. 30ಕ್ಕೆ ಏರಿತ್ತು, ಅನಂತರ ಇಳಿಯುತ್ತ ಬಂದಿದೆ. ಇಳಿಯದೆ ಉಳಿದಿರುವ ಶಾಲೆಯಲ್ಲಿ ಶಿಕ್ಷಕಿ ಎಷ್ಟೇ ಸಮರ್ಥಳಾಗಿದ್ದರೂ ಹಳೆಯ ಪಾಠವನ್ನೇ ಮರಳಿ ಮರಳಿ ಮಾಡಬೇಕಾಗುತ್ತದೆ. ಆಮೇಲೆ ಶಿಕ್ಷಕರು. ಪ್ರತಿ ಶಾಲೆಯೂ ವರ್ಷಕ್ಕೊಮ್ಮೆ ಪ್ರಕಟಿಸಲೇಬೇಕಾದ ವರದಿಯಲ್ಲಿ ಖಾಲಿ ಹುದ್ದೆಗಳೆಷ್ಟು, ತಕ್ಕ ಅರ್ಹತೆಯಿಲ್ಲದೆ ಪಾಠ ಮಾಡುತ್ತಿರುವವರೆಷ್ಟು ಎಂಬ ವಿವರವಿರುತ್ತದೆ. ವರ್ಷದ ನಡುವೆ ಶಿಕ್ಷಕರು ಬಿಟ್ಟುಹೋಗಿ ಬದಲಿ ಶಿಕ್ಷಕರ ಮೇಲೆ ಶಾಲೆ ಓಡುತ್ತಿದ್ದರೆ, ಮೂರು ವರ್ಷದಲ್ಲಿ ಮೂವರು ಪ್ರಿನ್ಸಿಪಾಲರು ಬಂದುಹೋಗಿದ್ದರೆ, ಅಂಕ ಒಂಬತ್ತೇ ಇದ್ದರೂ ಆ ಶಾಲೆಯಿಂದ ದೂರವಿರುವುದೇ ಒಳಿತು. ಹಣದ ವಿಷಯದಲ್ಲಿ ಮಾತ್ರ ಸಾಮಾನ್ಯ ಊಹೆ ಇಲ್ಲಿ ತಲೆಕೆಳಗಾಗುತ್ತದೆ. 2013ರಿಂದ ಕ್ಯಾಲಿಫೋರ್ನಿಯಾ ಬಡ ಮಕ್ಕಳಿಗೂ ಇಂಗ್ಲಿಷ್ ಕಲಿಯುವ ಮಕ್ಕಳಿಗೂ ತಲಾ ಶೇ. 20ರಷ್ಟು ಹೆಚ್ಚುವರಿ ಅನುದಾನವನ್ನು ಡಿಸ್ಟ್ರಿಕ್ಟ್‌ಗಳಿಗೆ ಕೊಡುತ್ತಿದೆ, ಆದ್ದರಿಂದ ಓದಿನಲ್ಲಿ ಹಿಂದುಳಿದವರಿಗೆ ವಿಶೇಷ ಪಾಠ ಹೇಳುವ ಹೆಚ್ಚುವರಿ ಸಿಬ್ಬಂದಿ ನಾಲ್ಕರ ಶಾಲೆಯಲ್ಲಿ ಇದ್ದು ಒಂಬತ್ತರ ಶಾಲೆಯಲ್ಲಿ ಇಲ್ಲದಿರಬಹುದು. ಅಲ್ಲಿ ಆ ಕೊರತೆಯನ್ನು ಪೋಷಕರ ದೇಣಿಗೆ ತುಂಬಿಸುತ್ತದೆ.

ತಾಯಿ: ಪ್ರಾಥಮಿಕ ಶಾಲೆ ಮುಗಿದ ಮೇಲೆ?

ಪ್ರಾಧ್ಯಾಪಕರು: ಕೊಳ್ಳುವವರು ಹೆಚ್ಚಾಗಿ ಮರೆಯುವುದು ಅದನ್ನೇ. ಪ್ರಾಥಮಿಕ ಹಂತ ಆರು ವರ್ಷದ್ದು, ಸಾಲ ಮೂವತ್ತು ವರ್ಷದ್ದು. ಒಂದೇ ಮಿಡಲ್ ಸ್ಕೂಲಿಗೆ ನಾಲ್ಕರ ಶಾಲೆಯ ಮಕ್ಕಳೂ ಒಂಬತ್ತರ ಶಾಲೆಯ ಮಕ್ಕಳೂ ಬಂದು ಸೇರುವುದುಂಟು. ಹಾಗಿದ್ದಲ್ಲಿ ಆ ಮೂರು ಲಕ್ಷ ಆರು ವರ್ಷದ ಅಂತರಕ್ಕೆ ಮಾತ್ರ. ವಿಳಾಸವನ್ನು ಡಿಸ್ಟ್ರಿಕ್ಟ್‌ನ ಸ್ವಂತ ನಕ್ಷೆಯಲ್ಲಿಯೇ ಪರಿಶೀಲಿಸಬೇಕು, ಮನೆ ಮಾರುವ ತಾಣದ ನಕ್ಷೆಯನ್ನು ನಂಬುವಂತಿಲ್ಲ. ಊರಿನ ಹೆಸರೂ ದಾರಿ ತಪ್ಪಿಸುತ್ತದೆ: ಸಾನ್ ಹೋಸೆಯ ಕೆಲವು ಬೀದಿಗಳ ಮಕ್ಕಳು ಕ್ಯುಪರ್ಟಿನೊ ಡಿಸ್ಟ್ರಿಕ್ಟ್‌ನ ಶಾಲೆಗೆ ಹೋಗುತ್ತಾರೆ, ಫ್ರೀಮಾಂಟ್ ಯೂನಿಯನ್ ಎಂಬ ಹೈಸ್ಕೂಲ್ ಡಿಸ್ಟ್ರಿಕ್ಟ್ ಇರುವುದು ಫ್ರೀಮಾಂಟಿನಲ್ಲಿ ಅಲ್ಲ, ಕ್ಯುಪರ್ಟಿನೊ ಮತ್ತು ಸನಿವೇಲ್ ಕಡೆಗೆ. ಸಾನ್ ಫ್ರಾನ್ಸಿಸ್ಕೊ ನಗರದಲ್ಲಂತೂ ಪಕ್ಕದ ಶಾಲೆಯಲ್ಲಿ ಸೀಟು ಸಿಗಲು ವಿಳಾಸವೊಂದೇ ಸಾಲದು.

ತಾಯಿ: ಇಷ್ಟನ್ನೆಲ್ಲ ನೋಡಿದ ಮೇಲೆ ನಾಲ್ಕರ ಶಾಲೆ ಚೆನ್ನಾಗಿದೆಯೆಂದೇ ತೋರಿದರೂ, ಮುಂದೆ ಆ ಮನೆಯನ್ನು ಕೊಳ್ಳಲು ಬರುವವರು ಇದನ್ನೆಲ್ಲ ನೋಡುವುದಿಲ್ಲ, ನಾಲ್ಕನ್ನು ಮಾತ್ರ ನೋಡುತ್ತಾರೆ.

ಪ್ರಾಧ್ಯಾಪಕರು: ಆ ಆಕ್ಷೇಪಕ್ಕೆ ಪೂರ್ತಿಯಾದ ಉತ್ತರವಿಲ್ಲ. ಮಾರುವಾಗ ಬೆಲೆ ತಗ್ಗಿರುತ್ತದೆ, ಕೊಳ್ಳುವಾಗಲೂ ತಗ್ಗಿಯೇ ಇತ್ತೆಂಬುದಷ್ಟೇ ಸಮಾಧಾನ. ಐದು ವರ್ಷದೊಳಗೆ ಮಾರುವ ಯೋಚನೆ ಇರುವವರು, ಅದರಲ್ಲೂ ಗ್ರೀನ್ ಕಾರ್ಡ್ ಸಿಗದೆ ಎಚ್-1ಬಿ ವೀಸಾದ ಮೇಲೆ ಇದ್ದು ಯಾವಾಗ ಊರಿಗೆ ಮರಳಬೇಕಾದೀತೋ ತಿಳಿಯದವರು, ಮಾರುಕಟ್ಟೆಯ ಕಣ್ಣಿನಿಂದಲೂ ನೋಡಬೇಕಾಗುತ್ತದೆ, ಅಂಥವರಿಗೆ ಒಂಬತ್ತರ ಮನೆಯೇ ಸುರಕ್ಷಿತವೆನಿಸಿದರೆ ತಪ್ಪೆನ್ನಲಾಗದು. ಹದಿನೈದು ವರ್ಷ ನಿಲ್ಲುವವರ ಲೆಕ್ಕ ಬೇರೆ; ಉಳಿದ ಮೂರು ಲಕ್ಷದಲ್ಲಿ ಮನೆಪಾಠ, ಸಂಗೀತ, ಪ್ರತಿ ಬೇಸಿಗೆಯ ಮೈಸೂರು ಪ್ರಯಾಣ ಇವೆಲ್ಲವೂ ಆಗಿ ಹಣ ಮಿಗುತ್ತದೆ. ನಿಮ್ಮ ಮನೆಯವರು ಯಾವ ಗುಂಪಿಗೆ ಸೇರುತ್ತಾರೆ?

ತಾಯಿ: ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ. ಆದರೂ ಶಾಲೆಯನ್ನು ಒಮ್ಮೆ ಕಣ್ಣಾರೆ ನೋಡಿ ಬರುವುದು ಒಳ್ಳೆಯದೆನಿಸುತ್ತದೆ.

ಪ್ರಾಧ್ಯಾಪಕರು: ಹಾಗಾದರೆ ತಡಮಾಡಬೇಡಿ. ಕ್ಯಾಲಿಫೋರ್ನಿಯಾದ ಸಾಮಾನ್ಯ ಕ್ರಯ ಒಪ್ಪಂದದಲ್ಲಿ ಮನೆಯನ್ನು ಪರಿಶೀಲಿಸಿ ಹಿಂದೆ ಸರಿಯಲು ಹದಿನೇಳು ದಿನಗಳ ಅವಕಾಶವನ್ನು ಇಟ್ಟಿರುತ್ತಾರೆ. ಪೈಪೋಟಿ ಜೋರಾಗಿರುವಾಗ ಕೊಳ್ಳುವವರು ಅದನ್ನೂ ಬಿಟ್ಟುಕೊಡುವುದುಂಟು, ಆದ್ದರಿಂದ ಆಫರ್ ಹಾಕುವ ಮೊದಲೇ ಹೋಗಿಬರುವುದು ಲೇಸು. ಕಿಂಡರ್‌ಗಾರ್ಟನ್ ಮತ್ತು ಒಂದನೆಯ ತರಗತಿಗಳಲ್ಲಿ ಓದು ಕಲಿಸುವುದನ್ನು ಅರ್ಧ ಗಂಟೆ ನೋಡಲು ಅನುಮತಿ ಕೇಳಿ, ಶಿಕ್ಷಕರು ಆ ಶಾಲೆಯಲ್ಲಿ ಎಷ್ಟು ವರ್ಷದಿಂದ ಇದ್ದಾರೆಂದು ಪ್ರಿನ್ಸಿಪಾಲರನ್ನು ವಿಚಾರಿಸಿ, ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತು ಇಬ್ಬರು ಮೂವರು ತಾಯಂದಿರೊಡನೆ ಮಾತನಾಡಿ. ಜೂನ್‌ನಲ್ಲಿ ಶಾಲೆ ಮುಚ್ಚಿದರೆ ಮತ್ತೆ ತೆರೆಯುವುದು ಆಗಸ್ಟ್‌ನಲ್ಲಿ, ಮನೆಗಳು ಹೆಚ್ಚಾಗಿ ಮಾರಾಟವಾಗುವ ಕಾಲವೂ ಅದೇ.